ಸಂದೇಹಿ ಯಾರು?

ಬೀದರ ನಗರ, ಭಾಲ್ಕಿ, ಔರಾದಗಳ ಆಡುಮಾತಿನಲ್ಲಿ ಕನ್ನಡ, ಉರ್ದು, ಮರಾಠಿಗಳು ಕೂಡಿ ಬಾಳಿವೆ. ಎಲ್ಲದರಲ್ಲಿಯೂ ಅನುಮಾನಪಡುವವನಿಗೆ ಉರ್ದುವಿನಲ್ಲಿಯೂ ಮರಾಠಿಯಲ್ಲಿಯೂ ‘ಶಕ್ಕಿ’ ಎನ್ನುವರು. ಅರಬ್ಬಿಯ ‘ಶಕ್’ ಪದದಿಂದ ಬಂದ ಈ ಮಾತು ಇಲ್ಲಿನ ಕನ್ನಡಿಗರಿಗೂ ಹೊಸದಲ್ಲ. ಗ್ರಾಂಥಿಕ ಕನ್ನಡದಲ್ಲಿ ಅವನು ಸಂಶಯಿ, ಸಂದೇಹಿ.

ಈ ಪದಗಳ ಒಳಹುರುಳು ಅವುಗಳ ಧಾತುವಿನಲ್ಲಿದೆ. ‘ಸಂಶಯ’ದಲ್ಲಿರುವುದು ಮಲಗುವುದೆಂಬ ಅರ್ಥದ ‘ಶೀ’. ದಾರಿ ಎರಡಾದಲ್ಲಿ ಯಾವುದನ್ನೂ ಹಿಡಿಯದೆ ಅಲ್ಲಿಯೇ ಮಲಗಿದವನು ಸಂಶಯಿ. ‘ಸಂದೇಹ’ದಲ್ಲಿರುವುದು ಬಳಿಯುವುದೆಂಬ ಅರ್ಥದ ‘ದಿಹ್’. ತಾನೇ ಕನ್ನಡಿಗೆ ಮಸಿ ಬಳಿದು, ಮುಖ ಕಾಣದೆಂದು ದೂರುವವನು ಸಂದೇಹಿ.

ಹಾಗಾದರೆ ಪ್ರಶ್ನೆ ಕೇಳುವವರೆಲ್ಲ ಸಂದೇಹಿಗಳೇ? ಪೂಜೆಗೆ ಕುಳಿತ ಬಾಲಕನೊಬ್ಬನು “ಲಿಂಗ ಯಾಕ ನೋಡ್ಕೊಂತ ಕೂಡಬೇಕು, ಮುತ್ಯಾ?” ಎಂದು ಕೇಳುತ್ತಾನೆ ಎನ್ನೋಣ. “ಶಕ್ಕಿ ಆಗಬ್ಯಾಡ, ಸುಮ್ಮ ಕೂಡು” ಎಂದು ಗದರಿದರೆ ಅವನು ಸುಮ್ಮನಾಗುತ್ತಾನೆ. ಆದರೆ ಆ ಮೌನ ಭಕ್ತಿಯಲ್ಲ. ಮುಂದೆ ಆತ ಲಿಂಗವನ್ನೇ ದೂರವಿಟ್ಟರೆ ಅದರ ಹೊಣೆ ಗದರಿದವರದೂ ಹೌದು.

ಶರಣರ ದಾರಿ ಇದಲ್ಲ. ಶೂನ್ಯಸಂಪಾದನೆಯು ಅನುಭವ ಮಂಟಪದ ಅನುಭಾವವನ್ನು ಸಂವಾದವಾಗಿಯೇ ನಿರೂಪಿಸುತ್ತದೆ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕಠೋರವಾಗಿ ಪ್ರಶ್ನಿಸುತ್ತಾರೆ. ಅಕ್ಕನ ಉತ್ತರ ಕೇಳಿ ಅದನ್ನು ಮನ್ನಿಸುತ್ತಾರೆ. ಜಿಜ್ಞಾಸುವಿಗೂ ಸಂದೇಹಿಗೂ ಇರುವ ಅಂತರ ಈ ಮನ್ನಣೆಯಲ್ಲಿದೆ. ಜಿಜ್ಞಾಸು ಉತ್ತರ ದೊರೆತಾಗ ಮುನ್ನಡೆಯುತ್ತಾನೆ. ಸಂದೇಹಿಗೆ ಯಾವ ಉತ್ತರವೂ ಸಾಲದು.

ಔರಾದ ಭಾಗದ ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರ ಬದುಕು ಇದಕ್ಕೆ ನಿದರ್ಶನ. ನಿಜಾಮರ ಕಾಲದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಪೂಜ್ಯರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಕಚೇರಿಯಲ್ಲಿ ನಡೆಯದ ನುಡಿ ಕಲಿತು ಫಲವೇನು ಎಂಬ ಪ್ರಶ್ನೆ ಅಂದು ಸಹಜವಾದುದೇ. ಫಲ ಕಂಡ ಮೇಲೆಯೇ ಬಿತ್ತುವೆನೆಂದು ಅವರು ಕುಳಿತಿರಲಿಲ್ಲ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯವನ್ನು ಸೇರಿತು. ಬೀಜ ಮೊದಲು ಬಿದ್ದಿತ್ತು, ಮಳೆ ಆಮೇಲೆ ಬಂದಿತು.

ಆದುದರಿಂದ ‘ಸಂದೇಹಿ’ ಎಂಬ ಪದವನ್ನು ಅನ್ಯರ ಹಣೆಗೆ ಹಚ್ಚುವ ಮೊದಲು, ಉತ್ತರ ದೊರೆತ ಮೇಲೂ ತಾನು ದಾರಿಯಲ್ಲಿ ಮಲಗಿರುವೆನೇ ಎಂದು ಸಾಧಕನು ನೋಡಿಕೊಳ್ಳಬೇಕು. ಬಾಲಕನ ಪ್ರಶ್ನೆಗೆ ಹಿರಿಯರು ಉತ್ತರಿಸಲಿ. ಉತ್ತರ ತಿಳಿಯದಿದ್ದರೆ ಅವನೊಡನೆ ಕುಳಿತು ವಚನಗಳನ್ನು ಓದಲಿ. ಅಂದು ಮನೆಯೇ ಅನುಭವ ಮಂಟಪವಾಗುತ್ತದೆ.