ಹಂಗಿಲ್ಲದವರ ಸಂಗೀತ

ರಾಕ್ ಸಂಗೀತ ಎಂದರೆ ನನ್ನ ಪಾಲಿಗೆ ಬಹುಕಾಲ ಬರೀ ಗದ್ದಲವಾಗಿತ್ತು. ಆ ಅಭಿಪ್ರಾಯವನ್ನು ಅಲುಗಾಡಿಸಿದ್ದು ಡ್ಯಾನಿ ಬಾಯ್ಲ್ ನಿರ್ದೇಶನದ ‘28 ಡೇಸ್ ಲೇಟರ್’ ಎಂಬ 2002ರ ಸಿನಿಮಾ. ಜನರೇ ಇಲ್ಲದ ಲಂಡನ್ನಿನಲ್ಲಿ ಯುವಕನೊಬ್ಬ ಒಬ್ಬಂಟಿಯಾಗಿ ನಡೆಯುತ್ತಾನೆ. ಹಿನ್ನೆಲೆಯಲ್ಲಿ ಪಿಸುಮಾತಿನಂತೆ ಶುರುವಾದ ಗಿಟಾರು ನಿಧಾನಕ್ಕೆ ಬಿರುಗಾಳಿಯಾಗುತ್ತದೆ. ಯಾರೂ ಹಾಡುವುದಿಲ್ಲ. ಇದು ಯಾರ ಸಂಗೀತ ಎಂದು ಹುಡುಕಿದಾಗ ಸಿಕ್ಕಿದ್ದು ಕೆನಡಾದ ಮಾಂಟ್ರಿಯಲ್ ನಗರದ ‘ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್’ ತಂಡ.

1994ರಲ್ಲಿ ಎಫ್ರಿಮ್ ಮೆನಕ್ ಮತ್ತು ಇಬ್ಬರು ಗೆಳೆಯರು ಸೇರಿ ಕಟ್ಟಿದ ತಂಡವಿದು. ಮೊದಲ ಕ್ಯಾಸೆಟ್ಟನ್ನು ಹೊರತಂದದ್ದು ಬರೀ 33 ಪ್ರತಿ. 1997ರಲ್ಲಿ ಕಾನ್ಸ್‌ಟೆಲೇಷನ್ ಎಂಬ ಊರಿನದೇ ಸಣ್ಣ ಕಂಪೆನಿ ಅವರ ಮೊದಲ ಎಲ್‌ಪಿ ತಂದಾಗ ಮುದ್ರಣವಾದದ್ದು 500. ಪ್ರತಿಯೊಂದರ ಹೊದಿಕೆಯೊಳಗೆ ರೈಲಿನಡಿ ಸಿಕ್ಕಿ ಚಪ್ಪಟೆಯಾದ ಒಂದು ನಾಣ್ಯ! ದುಡ್ಡಿನ ಬಗ್ಗೆ ಅವರಿಗಿದ್ದ ಧೋರಣೆಯನ್ನು ಆ ನಾಣ್ಯವೇ ಹೇಳುತ್ತಿತ್ತೇನೋ. ಮುಂದೆ ಹೆಸರು ಬಂತು, ಜಗತ್ತು ಸುತ್ತಿದರು. ಆದರೆ ಕಾನ್ಸ್‌ಟೆಲೇಷನ್ ಬಿಟ್ಟು ದೊಡ್ಡ ಕಂಪೆನಿಗಳ ಬಾಗಿಲಿಗೆ ಹೋಗಲಿಲ್ಲ. ಸಂದರ್ಶನ ಕೊಟ್ಟದ್ದೂ ಅಪರೂಪ.

ಇದನ್ನು ಕಲಾವಿದರ ಹಟ ಎಂದು ತಳ್ಳಿಹಾಕಬಹುದಿತ್ತು. ಆದರೆ 2002ರ ‘ಯಾಂಕಿ ಯು.ಎಕ್ಸ್.ಒ.’ ಆಲ್ಬಮ್ಮಿನ ಹಿಂಬದಿಯನ್ನು ನೋಡಿ. ಸಂಗೀತ ಮಾರುವ ದೈತ್ಯ ಕಂಪೆನಿಗಳಿಗೂ ಶಸ್ತ್ರಾಸ್ತ್ರ ತಯಾರಕರಿಗೂ ಇರುವ ನಂಟನ್ನು ತೋರಿಸಲು ಹೊರಟ ನಕಾಶೆ ಅಲ್ಲಿದೆ. ಆ ಕಂಪೆನಿಗಳ ಸಂಬಳ ಉಣ್ಣುವವರು ಇಂಥದ್ದನ್ನು ಅಚ್ಚು ಹಾಕಿಸಲು ಸಾಧ್ಯವಿತ್ತೇ?

ಮರುವರ್ಷ, 2003ರ ಮಾರ್ಚ್. ಇರಾಕಿನ ಮೇಲೆ ಅಮೆರಿಕ ಯುದ್ಧ ಸಾರಿದ ತಿಂಗಳು. ಓಕ್ಲಹೋಮದ ಆರ್ಡ್‌ಮೋರ್ ಎಂಬಲ್ಲಿ ಪೆಟ್ರೋಲ್ ಹಾಕಿಸಲು ನಿಂತ ಈ ತಂಡವನ್ನು ಕಂಡು ಬಂಕ್‌ನ ಸಿಬ್ಬಂದಿಗೆ ಭಯೋತ್ಪಾದಕರೆಂಬ ಗುಮಾನಿ ಬಂತು. ಪೊಲೀಸರು ಬಂದರು, ಎಫ್‌ಬಿಐ ಬಂತು. ವಿಚಾರಣೆ ನಡೆದು ಬಿಡುಗಡೆಯೂ ಆಯಿತು. ಆಮೇಲೆ ಮೆನಕ್ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ನಾವು ಕೆನಡಾದ ಬಿಳಿಯ ಹುಡುಗರಾಗಿದ್ದು ನಮ್ಮ ಅದೃಷ್ಟ.

ಈ ತಂಡದ ಬಗ್ಗೆ ನನಗೆ ಗೌರವ ಮೂಡಿದ್ದು ಇಲ್ಲಿ. ಹೆಸರು ಹೇಳಿದ ಕೂಡಲೇ ಎದುರಿನವರ ಮುಖಚರ್ಯೆ ಬದಲಾಗುವುದನ್ನು ನಾನೂ ಕಂಡವನು. ಅನ್ಯಾಯಕ್ಕೊಳಗಾದವನು ತನ್ನ ನೋವನ್ನು ಹೇಳಿಕೊಳ್ಳುವುದು ಸಹಜ. ಆದರೆ ಆ ಹೊತ್ತಿನಲ್ಲೂ ತನಗಿಂತ ಹೆಚ್ಚು ನೋಯಬಹುದಾದವನನ್ನು ನೆನೆಯುವುದು ಎಷ್ಟು ಜನರಿಗೆ ಸಾಧ್ಯ?

ಅದೇ ವರ್ಷ ತಂಡ ಮೌನಕ್ಕೆ ಜಾರಿ, 2010ರಲ್ಲಿ ಮರಳಿ ವೇದಿಕೆ ಏರಿತು. 2013ರಲ್ಲಿ ಕೆನಡಾದ ಪ್ರತಿಷ್ಠಿತ ಪೊಲಾರಿಸ್ ಪ್ರಶಸ್ತಿ ಬಂತು. ಮೊತ್ತ 30,000 ಡಾಲರ್. ಅವರು ಸಮಾರಂಭಕ್ಕೆ ಹೋಗಲಿಲ್ಲ. ಜನ ಕಷ್ಟದಲ್ಲಿರುವಾಗ ಕಾರು ಕಂಪೆನಿಯ ಪ್ರಾಯೋಜಕತ್ವದಲ್ಲಿ ಇಂಥ ಅದ್ದೂರಿ ಏಕೆ ಎಂದು ಕೇಳಿದರು. ಹಣವನ್ನು ಕ್ವಿಬೆಕ್‌ನ ಕೈದಿಗಳಿಗೆ ಸಂಗೀತ ವಾದ್ಯ ಒದಗಿಸಲು ಬಳಸುವುದಾಗಿ ತಿಳಿಸಿದರು.

2024ರ ಅಕ್ಟೋಬರಿನಲ್ಲಿ ಬಂದ ಆಲ್ಬಮ್ಮಿಗೆ ಅವರು ಹೆಸರನ್ನೇ ಇಡಲಿಲ್ಲ. ‘2024ರ ಫೆಬ್ರವರಿ 13ರವರೆಗೆ ಶೀರ್ಷಿಕೆಯಿಲ್ಲ, 28,340 ಸಾವು’ ಎಂಬುದೇ ಅದರ ಶೀರ್ಷಿಕೆ. ಅಂದಿನವರೆಗೆ ಗಾಝಾದಲ್ಲಿ ಸತ್ತವರ ಲೆಕ್ಕವದು. 2025ರ ಆಗಸ್ಟ್‌ನಲ್ಲಿ ಅವರ ಸಂಗೀತ ಸ್ಪಾಟಿಫೈಯಿಂದ ಹೊರಬಂತು. ಆ ಕಂಪೆನಿಯ ಮುಖ್ಯಸ್ಥ ಯುದ್ಧ ತಂತ್ರಜ್ಞಾನದಲ್ಲಿ ಹಣ ಹೂಡಿದ್ದನ್ನು ವಿರೋಧಿಸಿ ಹಲವು ತಂಡಗಳು ಅಲ್ಲಿಂದ ಹೊರನಡೆಯುತ್ತಿದ್ದ ದಿನಗಳವು.

ಇದರಿಂದೆಲ್ಲ ಯುದ್ಧ ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ, ನಿಲ್ಲುವುದಿಲ್ಲ. ಗಿಟಾರಿಗೆ ಆ ಶಕ್ತಿಯಿಲ್ಲ. ಆದರೆ ಯುದ್ಧದ ಹಣ ಯಾವ ಯಾವ ದಾರಿಯಲ್ಲಿ ನಮ್ಮ ಮನೆಯೊಳಗೆ, ನಮ್ಮ ಕಿವಿಯೊಳಗೆ ಬಂದು ಕೂರುತ್ತದೆ ಎಂದು ಕೇಳುವವರಾದರೂ ಬೇಕಲ್ಲ? ಹಾಗೆ ಕೇಳಬೇಕಾದರೆ ಆ ಹಣದ ಹಂಗಿನಿಂದ ಹೊರಗಿರಬೇಕು. ಮೂರು ದಶಕಗಳಿಂದ ಈ ತಂಡ ಉಳಿಸಿಕೊಂಡು ಬಂದದ್ದು ಅಷ್ಟನ್ನೇ.