ರಾಜ, ರಾಣಿ, ಗುಲಾಮ ಮತ್ತು ಘಾಟಿಯ ರೈಲು

ಸಕಲೇಶಪುರ ಬಿಟ್ಟು ದೋಣಿಗಾಲ್ ದಾಟುತ್ತಿದ್ದಂತೆ ಫೋನಿನ ಸಿಗ್ನಲ್ ಕೈಕೊಡುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡಿನವರೆಗೆ ರೈಲು 57 ಸುರಂಗಗಳಲ್ಲಿ ನುಗ್ಗಿ ಹೊರಬರುತ್ತದೆ. ಬೋಗಿಯಲ್ಲಿದ್ದವರೆಲ್ಲ ಕಿಟಕಿಗೂ ಬಾಗಿಲಿಗೂ ಮುಗಿಬೀಳುತ್ತಾರೆ. ಪ್ರತಿ ಕತ್ತಲಿಗೂ ಹುಡುಗರು ಕೇಕೆ ಹಾಕುತ್ತಾರೆ. ನನಗೆ ಪೋಕರ್ ಕಲಿಯಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಆನ್‌ಲೈನ್ ಆಟಕ್ಕೆ ಒಲಿದವನು ನೆಟ್‌ವರ್ಕ್ ಸಿಗದ ಜಾಗವನ್ನು ಹೊಗಳುವುದು ವಿಚಿತ್ರವೆನಿಸಬಹುದು. ಆದರೆ ಪರದೆ ಸತ್ತಾಗ ಉಳಿಯುವುದು ತಲೆಯೊಂದೇ. ಈ ಆಟ ನಿಜವಾಗಿ ಕೂರಬೇಕಾದದ್ದೂ ಅಲ್ಲೇ.

ಈ ಮಳೆಗಾಲದಲ್ಲಿ ಅದೇ ದಾರಿಯಲ್ಲಿ ನನಗೊಂದು ಸಂತೋಷ ಸಿಕ್ಕಿತು. ರೈಲು ಹಾಸನದಲ್ಲಿದ್ದಾಗ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಹ್ಯಾಂಡ್ ಕಳಿಸಿದ. ಮೇಜಿನ ಮೇಲೆ ಮೊದಲು ತೆರೆದ ಮೂರು ಎಲೆ, ಅಂದರೆ ಫ್ಲಾಪ್‌ನಲ್ಲಿ, ಇಸ್ಪೀಟ್ ರಾಜ, ಇಸ್ಪೀಟ್ ಒಂಬತ್ತು, ಡೈಮನ್ ನಾಲ್ಕು. ನಾಲ್ಕನೆಯ ಎಲೆ ಟರ್ನ್‌ನಲ್ಲಿ ಕಳಾವರ್ ಎರಡು, ಕೊನೆಯ ಎಲೆ ರಿವರ್‌ನಲ್ಲಿ ಆಟಿನ್ ಏಳು. ಇಸ್ಪೀಟಿಗಾಗಿ ಕಾದವರಿಗೆ ಇಸ್ಪೀಟ್ ಬರಲಿಲ್ಲ. ಎದುರಾಳಿ ಪಾಟ್‌ನಲ್ಲಿ ಇದ್ದಷ್ಟೇ ಚಿಪ್ಸ್ ಮುಂದೆ ನೂಕಿದ್ದಾನೆ. ಗೆಳೆಯನ ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮನ್ ರಾಜ. ಕಾಲ್ ಮಾಡಬೇಕೋ, ಎಲೆ ಎಸೆಯಬೇಕೋ? ಉತ್ತರ ಟೈಪ್ ಮಾಡುವಷ್ಟರಲ್ಲಿ ಘಾಟಿ ಶುರುವಾಯಿತು. ಹ್ಯಾಂಡ್ ನನ್ನ ತಲೆಯಲ್ಲೇ ಉಳಿಯಿತು.

ಆ ಎದುರಾಳಿ ಅಷ್ಟು ದೊಡ್ಡ ಬೆಟ್ ಇಡುವುದು ತ್ರಿವಳಿ ಸಿಕ್ಕಾಗ, ಇಲ್ಲವೇ ಬ್ಲಫ್ ಮಾಡುವಾಗ ಮಾತ್ರ ಎಂದು ಗೆಳೆಯನಿಗೆ ಗೊತ್ತಿತ್ತು. ಒಂಬತ್ತರ ತ್ರಿವಳಿ ಮೂರು ಬಗೆ, ಏಳರದ್ದು ಮೂರು, ನಾಲ್ಕರದ್ದು ಮೂರು, ಎರಡರದ್ದು ಮೂರು, ಒಬ್ಬ ರಾಜ ಗೆಳೆಯನ ಕೈಯಲ್ಲೇ ಇರುವುದರಿಂದ ರಾಜನದ್ದು ಒಂದೇ. ಒಟ್ಟು 13. ಇನ್ನು ಬ್ಲಫ್‌ಗಳು, ಅಂದರೆ ಕೂಡಿಬಾರದೆ ಉಳಿದ ಇಸ್ಪೀಟ್ ಜೋಡಿಗಳು: ಎಕ್ಕ-ರಾಣಿ, ಎಕ್ಕ-ಗುಲಾಮ, ಎಕ್ಕ-ಹತ್ತು, ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, ಹತ್ತು-ಎಂಟು. ಒಟ್ಟು 7. ಇಪ್ಪತ್ತರಲ್ಲಿ ಏಳು ಎಂದರೆ ನೂರಕ್ಕೆ 35. ಪಾಟ್‌ನಷ್ಟೇ ಬೆಟ್‌ಗೆ ಕಾಲ್ ಮಾಡುವವನು ಮೂರರಲ್ಲಿ ಒಮ್ಮೆ ಗೆದ್ದರೆ ಸಾಕು. ಹಾಗಿದ್ದರೆ ಕಾಲ್ ಸರಿ.

ಆದರೆ ಇಸ್ಪೀಟ್ ಎಕ್ಕ ಇರುವುದೂ ಗೆಳೆಯನ ಕೈಯಲ್ಲಿ! ಅದು ಎದುರಾಳಿಯ ಕೈಯಲ್ಲಿರಲು ಸಾಧ್ಯವೇ ಇಲ್ಲ. ಪಟ್ಟಿಯಿಂದ ಎಕ್ಕದ ಮೂರು ಜೋಡಿಗಳೂ ಹೋದವು. ಉಳಿದ ಬ್ಲಫ್ ನಾಲ್ಕು, ತ್ರಿವಳಿ ಹದಿಮೂರು. ಹದಿನೇಳರಲ್ಲಿ ನಾಲ್ಕು, ನೂರಕ್ಕೆ ಸುಮಾರು 24. ಎಸೆಯಲೇಬೇಕು. ಅದೇ ಗೆಳೆಯ ಡೈಮನ್ ರಾಜನ ಜೊತೆ ಆಟಿನ್ ರಾಣಿ ಹಿಡಿದಿದ್ದರೆ ಏಳು ಬ್ಲಫ್‌ಗಳೂ ಹಾಗೇ ಉಳಿಯುತ್ತಿದ್ದವು, ಕಾಲ್ ಮಾಡಬಹುದಿತ್ತು. ರಾಜನ ಜೊತೆ ಇಸ್ಪೀಟ್ ಎಕ್ಕ ಬಂದರೆ ಎಸೆ, ಆಟಿನ್ ರಾಣಿ ಬಂದರೆ ನಿಲ್ಲು. ಇಲ್ಲಿ ಕೈ ಬಲವಾದರೂ ಕಾಲ್ ಕೆಟ್ಟದಾಗುತ್ತದೆ. ಪುಸ್ತಕದಲ್ಲಿ ಬ್ಲಾಕರ್, ಅಂದರೆ ಎದುರಾಳಿಯ ಜೋಡಿಗಳಿಗೆ ಅಡ್ಡಬರುವ ಎಲೆಯ ಬಗ್ಗೆ ಓದಿದವರಿಗೆ ಇದು ಹೊಸತಲ್ಲ. ಆದರೂ ಯಡಕುಮರಿಯ ಹತ್ತಿರ, ಕತ್ತಲೆಗೂ ಬೆಳಕಿಗೂ ನಡುವೆ, ಕಾಗದ ಪೆನ್ಸಿಲ್ ಇಲ್ಲದೆ ಬೆರಳೆಣಿಸಿ ಈ ಲೆಕ್ಕ ಮುಗಿದಾಗ ನನಗಾದ ಖುಷಿಗೆ ಎಣೆಯಿರಲಿಲ್ಲ.

ಇದೇ ಪ್ರಶ್ನೆಯನ್ನು ನಮ್ಮ ಪೋಕರ್ ಆಟಗಾರರ ಗುಂಪಿನಲ್ಲಿ ಹಾಕಿದ್ದರೆ ಅರೆನಿಮಿಷದಲ್ಲಿ ಉತ್ತರ ಬರುತ್ತಿತ್ತು: "ಸಾಲ್ವರ್ ಫೋಲ್ಡ್ ಅನ್ನುತ್ತೆ." ಸಾಲ್ವರ್ ಎಂದರೆ ಪೋಕರಿನ ಲೆಕ್ಕ ಬಿಡಿಸಿಕೊಡುವ ತಂತ್ರಾಂಶ. ನನಗೆ ಸಿಟ್ಟು ಬರುವುದೇ ಇಲ್ಲಿ. ಯಾಕೆ ಫೋಲ್ಡ್ ಎಂದು ಕೇಳಿದರೆ ಇನ್ನೊಂದು ಚಾರ್ಟಿನ ಸ್ಕ್ರೀನ್‌ಶಾಟ್ ಬರುತ್ತದೆ. ಕೆಂಪು ಚೌಕ, ಹಸಿರು ಚೌಕ, ನೂರಕ್ಕೆ ಇಷ್ಟು ಸಲ ರೇಸ್, ಇಷ್ಟು ಸಲ ಕಾಲ್. ಈ ತಂತ್ರಾಂಶಗಳ ಮೇಲೆ ನನಗೆ ದ್ವೇಷವಿಲ್ಲ. 2015ರಲ್ಲಿ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರಾಡುವ ಲಿಮಿಟ್ ಹೋಲ್ಡೆಮ್ ಅನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿದ ಕಥೆಯನ್ನೂ, 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಯಂತ್ರ 1,20,000 ಹ್ಯಾಂಡ್ ಆಡಿ ನಾಲ್ವರು ವೃತ್ತಿಪರರನ್ನು ಸೋಲಿಸಿದ ಕಥೆಯನ್ನೂ ನಾನು ಕಣ್ಣರಳಿಸಿ ಓದಿದವನು. ಆದರೆ ಯಂತ್ರ ಕೊಡುವುದು ಉತ್ತರ ಮಾತ್ರ, ಕಾರಣ ಹುಡುಕುವ ಕೆಲಸ ನಮ್ಮದು. ಆ ಕೆಲಸ ಬಿಟ್ಟು ಚಾರ್ಟ್ ಉರುಹೊಡೆದವನಿಗೆ ಎದುರಾಳಿ ಸ್ವಲ್ಪ ಬೇರೆ ಅಳತೆಯ ಬೆಟ್ ಇಟ್ಟರೂ ದಿಕ್ಕು ತೋಚುವುದಿಲ್ಲ, ಮಗ್ಗಿ ಬಾಯಿಪಾಠ ಮಾಡಿದ ಹುಡುಗನಿಗೆ ಭಾಗಾಕಾರ ಕೊಟ್ಟ ಹಾಗೆ.

ಕಾರಣ ತಿಳಿದವನಿಗೆ ಚಾರ್ಟಿನಲ್ಲಿ ಬರುವ 'ಮೂರರಲ್ಲಿ ಒಂದು ಸಲ' ಎಂಬ ಅಂಕಿಯೂ ಬೇರೆಯೇ ಕಾಣುತ್ತದೆ. ಮೂರರಲ್ಲಿ ಒಂದು ಸಲ ಬ್ಲಫ್ ಮಾಡಬೇಕು ಎಂದು ಲೆಕ್ಕ ಹೇಳಿದರೆ ಆ ಒಂದು ಸಲ ಯಾವುದು? ಇದನ್ನು ನನ್ನ ಬಳಗದ ಬಹುತೇಕರು ಮನಸ್ಸಿಗೆ ಬಿಟ್ಟಿದ್ದಾರೆ. "ಈಗ ಅನ್ನಿಸಿತು, ಹೊಡೆದೆ" ಅನ್ನುತ್ತಾರೆ. ಮನಸ್ಸಿಗೆ ಅನ್ನಿಸುವುದು ಯಾದೃಚ್ಛಿಕವಲ್ಲ. ಹಿಂದಿನ ಬ್ಲಫ್ ಸಿಕ್ಕಿಬಿದ್ದಿದ್ದರೆ ಮುಂದಿನದಕ್ಕೆ ಕೈ ಹಿಂಜರಿಯುತ್ತದೆ. ಸತತ ಸೋತಿದ್ದರೆ ಕೈ ತಾನೇ ಮುನ್ನುಗ್ಗುತ್ತದೆ. ಎರಡನ್ನೂ ಎದುರಾಳಿ ಓದಬಲ್ಲ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕದಲ್ಲಿ ಇದಕ್ಕೆ ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡಿ ಎಂದ. ಮುಳ್ಳು ಮೊದಲ ಇಪ್ಪತ್ತು ಸೆಕೆಂಡಿನೊಳಗಿದ್ದರೆ ಬ್ಲಫ್, ಇಲ್ಲದಿದ್ದರೆ ಇಲ್ಲ. ಸೊಗಸಾದ ಉಪಾಯ.

ನಾನು ಇದನ್ನೇ ದಾರಿಗೆ ಒಗ್ಗಿಸಿಕೊಂಡಿದ್ದೇನೆ. ಬಸ್ಸಿನಲ್ಲಿ ಕೂತು ಹಳೆಯ ಹ್ಯಾಂಡ್‌ಗಳನ್ನು ಮತ್ತೆ ಆಡಿಕೊಳ್ಳುವಾಗ ಎದುರು ಬರುವ ವಾಹನದ ನಂಬರ್ ಪ್ಲೇಟ್‌ನ ಕೊನೆಯ ಎರಡು ಅಂಕಿ ನೋಡುತ್ತೇನೆ. 33ಕ್ಕಿಂತ ಕಡಿಮೆಯಾದರೆ ಬ್ಲಫ್. ಇದಕ್ಕೂ ಒಂದು ಶಿಸ್ತು ಬೇಕು. ಕಾರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಒಂಬತ್ತು ಬರಲಿ, ಎಂಟು ಬಾರದಿರಲಿ ಎಂದು ಕೂಡಿಸಿ ಗುಣಿಸಿ, ದುಡ್ಡು ಕೊಟ್ಟು, ಹರಾಜಿನಲ್ಲಿ ಕೂಗಿ ನಂಬರ್ ಪಡೆಯುವವರು ನಮ್ಮಲ್ಲಿ ಬಹಳ. ಆ ಅಂಕಿಗಳಲ್ಲಿ ಜನರ ಆಸೆ ಸೇರಿರುತ್ತದೆ, ಆಸೆ ಸೇರಿದ ಮೇಲೆ ಅದು ಯಾದೃಚ್ಛಿಕವಲ್ಲ. ಲಾರಿ ಪರವಾಗಿಲ್ಲ. ಎಲ್ಲಕ್ಕಿಂತ ಮೇಲು ನಮ್ಮ ಸಾರಿಗೆ ನಿಗಮದ ಬಸ್ಸು. ಕೆಎ 13 ಎಫ್, ಕೆಎ 19 ಎಫ್, ಕೆಎ 21 ಎಫ್ ಎಂದು ಸಾಲಾಗಿ ಬರುವ ಆ ಸಂಖ್ಯೆಗಳಿಗೆ ಯಾರೂ ಜ್ಯೋತಿಷ್ಯ ಕೇಳಿಲ್ಲ. ಶಿರಾಡಿ ಘಾಟಿಯಲ್ಲಿ ಟ್ರಾಫಿಕ್ ಕಟ್ಟಿಕೊಂಡರೆ ಎದುರಿನಿಂದ ಒಂದೊಂದಾಗಿ ಇಳಿದುಬರುವ ಕೆಂಪು ಬಸ್ಸುಗಳಿಂದ ಒಂದಿಡೀ ಸಂಜೆಯ ಆಟಕ್ಕೆ ಬೇಕಾದಷ್ಟು ಅಂಕಿ ಸಿಗುತ್ತದೆ. ಇದನ್ನು ಹೇಳಿದರೆ ನಗುವ ಆಟಗಾರರಿದ್ದಾರೆ. ಫೋನಿನಲ್ಲೇ ಅದಕ್ಕೆ ಆ್ಯಪ್ ಇದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಆ್ಯಪ್ ನೋಡುತ್ತ ಕೂತವನಿಗೆ ಕಿಟಕಿಯ ಹೊರಗಿನ ದಾರಿ ಕಾಣುವುದಿಲ್ಲ. ನನಗೆ ದಾರಿಯೂ ಬೇಕು, ಆಟವೂ ಬೇಕು.

ಊರೂರು ಸುತ್ತುತ್ತ ಆಡುವ ವೃತ್ತಿಪರರ ಬದುಕಿನ ಬಗ್ಗೆ ನಾನು ಬಹಳ ಓದಿದ್ದೇನೆ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ತಾಣಗಳ ಮೇಲೆ ಕ್ರಮ ಕೈಗೊಂಡಾಗ ಅಲ್ಲಿನ ಎಷ್ಟೋ ಹುಡುಗರು ಲ್ಯಾಪ್‌ಟಾಪ್ ಕಟ್ಟಿಕೊಂಡು ಮೆಕ್ಸಿಕೊಗೆ, ಕೆನಡಾಗೆ ಹೊರಟರು. ಸಮುದ್ರ ತೀರದಲ್ಲಿ ಮನೆ, ಪರದೆಯ ಮೇಲೆ ಎಂಟು ಹತ್ತು ಮೇಜು. ಕೇಳಲು ಚಂದ. ಆದರೆ ಹತ್ತು ಮೇಜು ಒಟ್ಟಿಗೆ ಆಡುವವನು ಎಲ್ಲಿದ್ದರೇನು, ಅವನು ಇರುವುದು ಪರದೆಯೊಳಗೇ. ಆಡಲು ಊರು ಬದಲಿಸುವುದಕ್ಕಿಂತ ಕಲಿಯುತ್ತ ಊರು ದಾಟುವುದು ಹೆಚ್ಚು ಸುಖ ಎಂಬುದು ನನ್ನ ಗಟ್ಟಿ ನಂಬಿಕೆ.

ಕಲಿಸುವುದಕ್ಕೂ ರೈಲೇ ಸರಿ. ಎದುರು ಸೀಟಿನಲ್ಲಿ ಯಾರಾದರೂ ಇಸ್ಪೀಟು ಬಲ್ಲವರು ಸಿಕ್ಕಿದರೆ ನಾನು ಚೀಲದಿಂದ ಮೂರೇ ಮೂರು ಎಲೆ ತೆಗೆಯುತ್ತೇನೆ: ರಾಜ, ರಾಣಿ, ಗುಲಾಮ. 1950ರಲ್ಲಿ ಹೆರಾಲ್ಡ್ ಕೂನ್ ಎಂಬ ಗಣಿತಜ್ಞ ರೂಪಿಸಿದ ಆಟವಿದು. ಇಬ್ಬರಿಗೂ ಒಂದೊಂದು ಎಲೆ, ಮೂರನೆಯದು ಕವುಚಿ ಇಟ್ಟದ್ದು. ಇಬ್ಬರೂ ಮೊದಲೇ ಒಂದೊಂದು ಕಡಲೆಕಾಯಿ ಹಾಕಬೇಕು, ಆಮೇಲೆ ಬೇಕಿದ್ದರೆ ಇನ್ನೊಂದು ಕಟ್ಟಬಹುದು. ಒಬ್ಬ ಕಟ್ಟಿದರೆ ಇನ್ನೊಬ್ಬ ಸರಿಗಟ್ಟಬೇಕು, ಇಲ್ಲವೇ ಬಿಡಬೇಕು. ಅಷ್ಟೇ ಆಟ.

ಹಾಗೆ ಜೊತೆಯಾದವರೊಬ್ಬರು ಸಕಲೇಶಪುರದಲ್ಲಿ ಹತ್ತಿದ ಕಾಫಿ ತೋಟದ ರೈಟರು. ವಯಸ್ಸಿನಲ್ಲಿ ನನಗಿಂತ ಹಿರಿಯರು. 'ಇಪ್ಪತ್ತೆಂಟು' ಎಂಬ ಇಸ್ಪೀಟಾಟ ಆಡಿ ಪಳಗಿದ ಕೈ. ಮೊದಲು, "ಮೂರೆಲೇಲಿ ಎಂಥ ಆಟ ಸಾರ್?" ಅಂದರು. ನಾನು ಏನೂ ಹೇಳಿಕೊಡಲಿಲ್ಲ. ಆಡುತ್ತಾ ಹೋದೆವು. ಶಿರಿಬಾಗಿಲು ಬರುವಷ್ಟರಲ್ಲಿ ಅವರು ಎಲೆ ಕೆಳಗಿಟ್ಟು, "ಅಲ್ಲ ಸಾರ್, ರಾಣಿ ಹಿಡ್ಕೊಂಡು ಮೊದ್ಲೇ ಕಟ್ಟೋದು ದಂಡ. ಗುಲಾಮ ಇದ್ದೋನು ಓಡೋಗ್ತಾನೆ, ರಾಜ ಇದ್ದೋನು ಬಡೀತಾನೆ. ಕಟ್ಟಿದ್ರೆ ರಾಜ ಇಟ್ಕೊಂಡು ಕಟ್ಬೇಕು, ಇಲ್ಲ ಗುಲಾಮ ಇಟ್ಕೊಂಡು ಹೆದರಿಸ್ಬೇಕು" ಅಂದರು.

ನಾನು ಸೀಟಿನಿಂದ ಎದ್ದೇ ಬಿಟ್ಟೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1944ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ದಪ್ಪ ಗ್ರಂಥದಲ್ಲಿ ಪೋಕರಿಗೆಂದೇ ಒಂದು ಭಾಗವಿದೆ. ಅದರ ತಿರುಳೂ ಇದೇ: ಬೆಟ್ ಕಟ್ಟುವುದು ಅತಿ ಬಲದ ಕೈಯಿಂದ ಮತ್ತು ಅತಿ ಬಡ ಕೈಯಿಂದ. ನಡುವಿನ ಕೈ ಸುಮ್ಮನಿರಬೇಕು. ಬ್ಲಫ್ ಎಂಬುದು ಧೈರ್ಯದ ಪ್ರಶ್ನೆಯಲ್ಲ, ಲೆಕ್ಕದ ಅಗತ್ಯ. ಗುಲಾಮ ಒಮ್ಮೆಯೂ ಹೆದರಿಸದಿದ್ದರೆ ರಾಜನಿಗೆ ಒಬ್ಬನೂ ದುಡ್ಡು ಕೊಡುವುದಿಲ್ಲ. ಮೊದಲು ಆಡುವವನ ಗುಲಾಮ ಹೆಚ್ಚೆಂದರೆ ಮೂರರಲ್ಲಿ ಒಮ್ಮೆ ಹೆದರಿಸಬಹುದು, ಅವನ ರಾಜ ಅದರ ಮೂರು ಪಟ್ಟು ಸಲ ಕಟ್ಟಬೇಕು. ಎದುರಿನವನ ರಾಣಿ ಮೂರರಲ್ಲಿ ಒಮ್ಮೆ ಸರಿಗಟ್ಟಬೇಕು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಮೊದಲು ಆಡುವವನಿಗೆ ಸರಾಸರಿ ಪ್ರತಿ ಆಟಕ್ಕೆ ಒಂದು ಕಡಲೆಕಾಯಿಯ ಹದಿನೆಂಟನೇ ಒಂದು ಭಾಗ ನಷ್ಟ. ಈ ಅಂಕಿಗಳು ರೈಟರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅವರಿಗೆ ಕಾರಣ ಹೊಳೆದಿತ್ತು. ಚಾರ್ಟ್ ಕಳಿಸುವ ನಮ್ಮ ಗುಂಪಿನವರಲ್ಲಿ ರಾಣಿ ಯಾಕೆ ಸುಮ್ಮನಿರಬೇಕು ಎಂದು ಬಿಡಿಸಿ ಹೇಳಬಲ್ಲವರು ಬಹಳ ಕಡಿಮೆ.

ಚಾರ್ಟ್ ಉರುಹೊಡೆಯುವುದಕ್ಕಿಂತ ಹೇಯವಾದದ್ದು ಇನ್ನೊಂದಿದೆ. ಪಕ್ಕದ ಪರದೆಯಲ್ಲಿ ಸಾಲ್ವರ್ ತೆರೆದಿಟ್ಟು ಅದು ಹೇಳಿದಂತೆ ಇತ್ತ ಆಟವಾಡುವುದು. ಇದನ್ನು 'ಅಧ್ಯಯನ' ಎಂದು ಕರೆದುಕೊಳ್ಳುವವರನ್ನೂ ಕಂಡಿದ್ದೇನೆ. ಇದು ಮೋಸ, ಬೇರೆ ಹೆಸರಿಲ್ಲ. ಎದುರು ಕೂತವನು ತನ್ನ ತಲೆ, ತನ್ನ ಹೆದರಿಕೆ, ತನ್ನ ಆಸೆ ಎಲ್ಲವನ್ನೂ ಮೇಜಿಗೆ ತಂದಿದ್ದಾನೆ. ಇವನು ಏನನ್ನೂ ತಂದಿಲ್ಲ. ಗೆದ್ದದ್ದು ಯಾರು ಎಂದು ಕೇಳಿದರೆ ಇವನ ಬಳಿ ಉತ್ತರವಿಲ್ಲ. ಒಳ್ಳೆಯ ಆಟಗಾರನಿಗೆ ಸೋತಾಗ ನನಗೆ ಹ್ಯಾಂಡ್ ಬರೆದಿಟ್ಟುಕೊಳ್ಳಬೇಕು ಅನ್ನಿಸುತ್ತದೆ. ಇಂಥವರು ಸೇರಿದ ಮೇಜಿನಿಂದ ಎದ್ದಾಗ ಕೈ ತೊಳೆಯಬೇಕು ಅನ್ನಿಸುತ್ತಿತ್ತು. ಹತ್ತಾರು ವರ್ಷ ಜನ ರಾತ್ರಿ ಹಗಲು ಯೋಚಿಸಿ ಕಟ್ಟಿದ ವಿದ್ಯೆಯನ್ನು ಇವರು ಕದ್ದ ಮಾಲಿನ ಹಾಗೆ ಖರ್ಚು ಮಾಡುತ್ತಾರೆ.

ದುಡ್ಡಿನ ಆನ್‌ಲೈನ್ ಮೇಜುಗಳು ನಮ್ಮಲ್ಲಿ ಈಗಿಲ್ಲ. ಅವುಗಳನ್ನು ನಿಷೇಧಿಸಲು 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ತಳ್ಳಿಹಾಕಿದಾಗ ಆಟಗಾರರು ಸಂಭ್ರಮಿಸಿದ್ದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು, ಮೇಜುಗಳು ಮುಚ್ಚಿದವು. ನನಗೆ ಬೇಸರವಾಯಿತು. ಆದರೆ ಸಾಲ ಮಾಡಿ ಆಡಿ ಮನೆ ಮುಳುಗಿಸಿಕೊಂಡವರ ಸುದ್ದಿಗಳನ್ನು ಓದಿದ್ದ ನನಗೆ ಅದರ ವಿರುದ್ಧ ದನಿ ಎತ್ತುವ ಮನಸ್ಸಾಗಲಿಲ್ಲ. ಅಂದರ್ ಬಾಹರ್‌ಗೂ ಪೋಕರಿಗೂ ವ್ಯತ್ಯಾಸವೇ ಇಲ್ಲ ಎನ್ನುವವರ ಜೊತೆ ಮಾತ್ರ ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ಅಂದರ್ ಬಾಹರ್‌ನಲ್ಲಿ ಎಲೆ ಬೀಳುವುದನ್ನು ನೋಡುವುದಷ್ಟೇ ಕೆಲಸ. ಇಲ್ಲಿ ಎಲೆ ಬಿದ್ದ ಮೇಲೆ ಕೆಲಸ ಶುರು.

ಈಗ ಆಡುವುದು ಬಿಟ್ಟಿ ಚಿಪ್ಸಿನ ಮೇಜುಗಳಲ್ಲಿ. ಕಳೆದುಕೊಳ್ಳುವುದು ಏನೂ ಇಲ್ಲದ್ದರಿಂದ ಅಲ್ಲಿ ಮೊದಲ ಎರಡು ಎಲೆಗೇ ಎಲ್ಲವನ್ನೂ ನೂಕುವವರು ತುಂಬಿದ್ದಾರೆ, ಬ್ಲಫ್‌ಗೆ ಬೆಲೆಯೇ ಇಲ್ಲ. ಹಾಗಾಗಿ ಅಲ್ಲಿ ಆಡುವುದಕ್ಕಿಂತ, ಬರೆದಿಟ್ಟ ಹಳೆಯ ಹ್ಯಾಂಡ್‌ಗಳನ್ನು ದಾರಿಯಲ್ಲಿ ಬಿಡಿಸುವುದೇ ಹೆಚ್ಚು. ಸುಬ್ರಹ್ಮಣ್ಯ ರೋಡಿನಲ್ಲಿ ಸಿಗ್ನಲ್ ಬಂದ ಮೇಲೆ ಗೆಳೆಯನಿಗೆ ಉತ್ತರ ಕಳಿಸಿದೆ, ಹದಿಮೂರು, ಏಳು, ನಾಲ್ಕು ಎಂಬ ಲೆಕ್ಕದ ಸಮೇತ.

ರೈಟರು ಇಳಿಯುವ ಮುಂಚೆ ಒಂದು ಪ್ರಶ್ನೆ ಬಿಟ್ಟುಹೋದರು: "ಎಕ್ಕಾನೂ ಸೇರಿಸಿದ್ರೆ ಹೆಂಗೆ ಸಾರ್?" ಅಂದಿನಿಂದ ಅದೇ ನನ್ನ ತಲೆಯಲ್ಲಿದೆ. ನಾಲ್ಕು ಎಲೆ, ಇಬ್ಬರು, ಅದೇ ನಿಯಮ. ಎಕ್ಕ ಇದ್ದವನು ಕಟ್ಟುತ್ತಾನೆ, ಗುಲಾಮ ಇದ್ದವನು ಆಗಾಗ ಹೆದರಿಸುತ್ತಾನೆ. ಇಷ್ಟು ಸುಲಭ. ಈಗ ನಡುವಿನ ಎಲೆ ಎರಡಾದವು. ರಾಜ ಕಟ್ಟಿದರೆ ರಾಣಿ ಒಮ್ಮೊಮ್ಮೆ ಸರಿಗಟ್ಟುತ್ತದೆಯೇ? ಸರಿಗಟ್ಟುವುದಾದರೆ ರಾಜ ಕಟ್ಟುವುದರಲ್ಲಿ ಲಾಭವಿದೆ, ಆದರೆ ಎಕ್ಕಕ್ಕೆ ಸಿಕ್ಕಿಬಿದ್ದಾಗಿನ ನಷ್ಟವನ್ನು ಅದು ತುಂಬಬೇಕು. ಮುಂದಿನ ವಾರ ಹುಬ್ಬಳ್ಳಿಗೆ ಹೋಗುವುದಿದೆ. ಅರಸೀಕೆರೆ ದಾಟುವುದರೊಳಗೆ ಎರಡನೆಯವನ ರಾಜನ ಲೆಕ್ಕವನ್ನಾದರೂ ಮುಗಿಸಬೇಕು. ಮೊದಲು ಆಡುವವನದ್ದು ಅದಕ್ಕಿಂತ ಕಷ್ಟ, ಅದಕ್ಕೆ ದಾವಣಗೆರೆ ಹಾವೇರಿಗಳವರೆಗೆ ದಾರಿ ಇದೆ.