ಕೊಟ್ಟವನ ಲೆಕ್ಕ

ವ್ಯಾಪಾರಿಯೊಬ್ಬನು ಸಾರ್ವಜನಿಕ ಪದವಿಗೆ ಬಂದರೆ ಜನರು ಮೊದಲು ಕೇಳುವ ಪ್ರಶ್ನೆ ಒಂದೇ: ಈತನು ಎಷ್ಟು ಗಳಿಸಿಕೊಳ್ಳಲು ಬಂದಿದ್ದಾನೆ? ಆದರೆ ಗಳಿಸಲು ಬಾರದೆ, ತನ್ನ ಹಣವನ್ನೇ ವೆಚ್ಚಮಾಡಿದವನನ್ನು ಏನೆಂದು ಕೇಳಬೇಕು? 2023ರ ಡಿಸೆಂಬರಿನಲ್ಲಿ ಅಮೆರಿಕದ ಹರ್ಬ್ ಕೋಲ್ ಅವರ ನಿಧನವಾರ್ತೆಯನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೋಲ್ ಅವರ ತಂದೆ ಪೋಲೆಂಡಿನಿಂದ ವಲಸೆ ಬಂದವರು. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ದಿನಸಿ ಅಂಗಡಿ ಇಟ್ಟವರು. ಆ ಅಂಗಡಿ ಬೆಳೆದು ದೊಡ್ಡ ಮಳಿಗೆಗಳ ಸಂಸ್ಥೆಯಾಯಿತು. 1970ರಿಂದ 1979ರವರೆಗೆ ಮಗನೇ ಅದರ ಅಧ್ಯಕ್ಷನಾಗಿದ್ದನು. 1985ರಲ್ಲಿ ಕೋಲ್, ಊರಿನ ಬಾಸ್ಕೆಟ್‌ಬಾಲ್ ತಂಡವು ಬೇರೆಡೆಗೆ ಹೋಗದಿರಲೆಂದು 1 ಕೋಟಿ 80 ಲಕ್ಷ ಡಾಲರ್‌ಗೆ ಅದನ್ನು ಕೊಂಡರು. 1988ರಲ್ಲಿ ಸೆನೆಟಿಗೆ ಸ್ಪರ್ಧಿಸಿದಾಗ ಬಹುಪಾಲು ಸ್ವಂತ ಹಣವನ್ನೇ ಬಳಸಿದರು. ತಾನು ಮತ್ತಾರಿಗೂ ಸೇರಿದವನಲ್ಲ, ಮತದಾರರ ಸೆನೆಟರ್ ಮಾತ್ರ ಎಂಬುದೇ ಅವರ ಘೋಷಣೆ. ಗೆದ್ದ ಮೇಲೆ ವೇತನದ ಹೆಚ್ಚಳವನ್ನು ಸರ್ಕಾರದ ಬೊಕ್ಕಸಕ್ಕೆ ಹಿಂದಿರುಗಿಸುತ್ತ ಬಂದರು. ನಾಲ್ಕು ಅವಧಿ, ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿ 2013ರ ಆರಂಭದಲ್ಲಿ ನಿವೃತ್ತರಾದರು.

ಇದನ್ನು ಓದಿದಾಗ ನನಗೆ ಮೊದಲು ಉಂಟಾದುದು ಮೆಚ್ಚುಗೆ, ಅನಂತರ ಅಳುಕು. ಅದಕ್ಕೆ ಕಾರಣವಿದೆ.

ನಾನು ಜವಳಿ ವ್ಯಾಪಾರಿ. ಒಂದು ವಿದ್ಯಾರ್ಥಿನಿಲಯದ ಟ್ರಸ್ಟಿಗೆ ಹಲವು ವರ್ಷ ಕೋಶಾಧಿಕಾರಿಯಾಗಿದ್ದೇನೆ. ಒಂದು ವರ್ಷ ಅಡುಗೆಮನೆಯ ಖರ್ಚಿಗೆ ಹಣ ಸಾಲದೆ ಬಂದಾಗ ಕೊರತೆಯನ್ನು ನಾನೇ ತುಂಬಿದೆನು. ಮುಂದಿನ ಸಭೆಯಲ್ಲಿ ಲೆಕ್ಕಪತ್ರ ಮಂಡಿಸಿದಾಗ ಒಬ್ಬರೂ ಪುಟ ತಿರುವಲಿಲ್ಲ. "ತಾವು ನೋಡಿದ ಮೇಲೆ ನಾವು ನೋಡುವುದೇನಿದೆ?" ಎಂದು ಹಿರಿಯರೊಬ್ಬರು ಕೈಮುಗಿದರು. ಅಂದು ಅದು ಗೌರವವೆಂದು ತಿಳಿದು ಹಿಗ್ಗಿದೆನು. ನಾನು ಕೊಟ್ಟ ಹಣ ಅವರ ಬಾಯಿ ಕಟ್ಟಿತ್ತೆಂಬುದು ಬಹುಕಾಲ ಹೊಳೆಯಲಿಲ್ಲ.

ಸ್ವಂತ ಹಣದಿಂದ ಸೇವೆಗಿಳಿದವನು ಅನ್ಯರ ಋಣದಿಂದ ಪಾರಾಗುತ್ತಾನೆ, ನಿಜ. ಆದರೆ ಅನ್ಯರು ಅವನ ಋಣಕ್ಕೆ ಸಿಲುಕುವರು. ಅಲ್ಲದೆ, ಯೋಗ್ಯನಾದರೂ ಕೈಯಲ್ಲಿ ಹಣವಿಲ್ಲದವನು ಅಂತಹ ಸ್ಪರ್ಧೆಗೆ ಇಳಿಯುವುದೆಂತು? ಕೋಲ್ ಅವರ ಸಚ್ಚಾರಿತ್ರ್ಯವೂ ಈ ಪ್ರಶ್ನೆಗೆ ಉತ್ತರವಾಗದು. ಅವರಿಗೂ ನನಗೂ ಇದ್ದ ಅಂತರ ಬೇರೆಯದು: ಆರು ವರ್ಷಕ್ಕೊಮ್ಮೆ ಅವರು ತಮ್ಮನ್ನು ತಿರಸ್ಕರಿಸಬಲ್ಲ ಜನರ ಮುಂದೆ ನಿಲ್ಲಬೇಕಾಗಿತ್ತು. ನಾನು ಯಾರ ಮುಂದೆಯೂ ನಿಂತಿರಲಿಲ್ಲ.

2014ರಲ್ಲಿ ಅವರು ತಂಡವನ್ನು 55 ಕೋಟಿ ಡಾಲರ್‌ಗೆ ಮಾರಿದರು. ಅದು ಮಿಲ್ವಾಕಿಯಲ್ಲೇ ಉಳಿಯಬೇಕೆಂದು ಬಯಸಿ, ಹೊಸ ಕ್ರೀಡಾಂಗಣಕ್ಕೆ 10 ಕೋಟಿ ಡಾಲರ್ ಕೊಟ್ಟರು. ಕೊಡುವುದು ಎಷ್ಟು ದೊಡ್ಡದೋ, ಕೊಟ್ಟ ಬಳಿಕ ಕೈಬಿಡುವುದೂ ಅಷ್ಟೇ ದೊಡ್ಡದು.

ಕಳೆದ ವರ್ಷ ನಮ್ಮ ಲೆಕ್ಕಪತ್ರವನ್ನು, ಟ್ರಸ್ಟಿಗೆ ಒಂದು ರೂಪಾಯಿಯನ್ನೂ ಕೊಟ್ಟಿರದ ನಿವೃತ್ತ ಉಪಾಧ್ಯಾಯರೊಬ್ಬರ ಕೈಗಿತ್ತೆನು. ಅವರು ಮೂರು ದಿನ ಕುಳಿತು ನೋಡಿ, ಅಕ್ಕಿಯ ಬಾಬಿನಲ್ಲಿ ನಾನು ಎರಡು ಸಲ ಬರೆದಿದ್ದ ಒಂದು ಮೊತ್ತವನ್ನು ಕೆಂಪು ಶಾಯಿಯಿಂದ ಗುರುತಿಸಿದರು. ಸಭೆಯಲ್ಲಿ ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಆದರೆ ಅಂದು ಎಲ್ಲರೂ ಪುಟ ತಿರುವಿದರು.